ಗಾಡಿ ಮಾತು: ಸ್ಟಾರ್ಟ್ ಆಗಿ ಎರಡೇ ಸೆಕೆಂಡಿಗೆ ನಿಲ್ಲುವ ಗಾಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಚಾವಿಯವೇ. ಹಾಗಾಗಿ ಉಳಿದದ್ದನ್ನು ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಎಸಿ ತಣ್ಣಗಾಗುತ್ತಿಲ್ಲ ಎಂದು ಬರೆದ ಮೂವರು ಇನ್ನೊಂದು ತಿಂಗಳು ಕಿಟಕಿ ಇಳಿಸಿಕೊಂಡು ಓಡಾಡಬೇಕು, ಕ್ಷಮಿಸಿ.

ಪ್ರಶ್ನೆ: ಸರ್, ನಾನು ಸೇಡಂನಲ್ಲಿ ಹೈಸ್ಕೂಲ್ ಗಣಿತ ಶಿಕ್ಷಕಿ. ಹೋದ ದಸರಾಕ್ಕೆ ಹೈದರಾಬಾದಿನಿಂದ 2014ರ ಒಂದು ಪೆಟ್ರೋಲ್ ಕಾರು ತಂದೆವು, ಸೆಕೆಂಡ್ ಹ್ಯಾಂಡ್. ಚಾವಿ ಒಂದೇ ಕೊಟ್ಟರು, ಇನ್ನೊಂದು ಕಳೆದಿದೆ ಎಂದರು. ಕಲಬುರಗಿಗೆ ಬಂದಾಗ ರಸ್ತೆ ಪಕ್ಕ ಕೂತಿದ್ದ ಚಾವಿವಾಲಾನ ಹತ್ತಿರ ಮುನ್ನೂರು ರೂಪಾಯಿ ಕೊಟ್ಟು ಇನ್ನೊಂದು ಮಾಡಿಸಿದೆ. ಬಾಗಿಲು ತೆರೆಯುತ್ತದೆ, ಡಿಕ್ಕಿ ತೆರೆಯುತ್ತದೆ, ಸ್ಟೀರಿಂಗ್ ಲಾಕ್ ಬಿಡುತ್ತದೆ, ಗಾಡಿ ಸ್ಟಾರ್ಟ್ ಕೂಡ ಆಗುತ್ತದೆ. ಒಂದು, ಎರಡು ಎಣಿಸುವಷ್ಟರಲ್ಲಿ ಆಫ್. ಮೀಟರಿನಲ್ಲಿ ಚಾವಿ ಚಿತ್ರದ ದೀಪ ಮಿಣುಕುತ್ತದೆ. ನಮ್ಮವರು ಏಳೆಂಟು ಸಲ ಪ್ರಯತ್ನ ಮಾಡಿದರು. ಎಂಜಿನ್ನಿಗೆ ಏನಾದರೂ ಪೆಟ್ಟು ಬಿತ್ತೇ? ಈ ಚಾವಿಯನ್ನು ಕಷ್ಟಕಾಲಕ್ಕೆಂದು ಇಟ್ಟುಕೊಳ್ಳಬಹುದೇ, ಎಸೆದುಬಿಡಬೇಕೇ?

ಉತ್ತರ: ಅಕ್ಕೋರೆ, ಎಂಜಿನ್ನಿಗೆ ಏನೂ ಆಗಿಲ್ಲ. ಚಾವಿಯನ್ನೂ ಎಸೆಯಬೇಡಿ. ಆದರೆ ಅದನ್ನು ಸ್ಟಾರ್ಟ್ ಮಾಡುವ ಚಾವಿ ಎಂದು ನಂಬಿ ಒಂದು ದಿನವೂ ಮನೆ ಬಿಡಬೇಡಿ. ನಿಮ್ಮ ಕೈಯಲ್ಲಿರುವುದು ಬಾಗಿಲ ಚಾವಿ, ಅಷ್ಟೇ. ನಮ್ಮ ಅಂಗಡಿಯ ಮಾತಿನಲ್ಲಿ ಅದಕ್ಕೆ 'ಖಾಲಿ ಚಾವಿ' ಅನ್ನುತ್ತೇವೆ.

ಚಾವಿವಾಲಾ ಮೋಸ ಮಾಡಿದ ಎಂದು ಬೈಯುವ ಮುಂಚೆ ಒಂದು ಮಾತು. ಅವನ ಕೆಲಸ ಲೋಹದ್ದು. ಅದನ್ನು ಅವನು ಚೊಕ್ಕವಾಗಿ ಮಾಡಿದ್ದಾನೆ, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಬಿಡುತ್ತಲೇ ಇರಲಿಲ್ಲ. 'ಅಕ್ಕಾ, ಇದರಾಗ ಚಿಪ್ ಅದ, ಗಾಡಿ ಚಾಲೂ ಆಗಂಗಿಲ್ಲ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ, ತಪ್ಪು ಅಷ್ಟು.

ನಿಮ್ಮ ಅಸಲಿ ಚಾವಿಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ ಇದೆ. ಕೆಲವು ಕಂಪನಿಯವು ಗಾಜಿನ ಸಣ್ಣ ಕೊಳವೆ, ಉದ್ದನೆಯ ಬಾಸ್ಮತಿ ಅಕ್ಕಿ ಕಾಳಿಗಿಂತ ತುಸು ದಪ್ಪ. ಇನ್ನು ಕೆಲವು ಕಪ್ಪು ಇಟ್ಟಿಗೆ ಚೂರಿನಂಥವು, ಎರಡು ಮೂರು ತೊಗರಿ ಕಾಳು ಸಾಲಾಗಿ ಇಟ್ಟಷ್ಟು ಉದ್ದ. ಅದಕ್ಕೆ ಸೆಲ್ ಇಲ್ಲ. ರಿಮೋಟಿನ ಸೆಲ್ ಬೇರೆ, ಅದು ಬಾಗಿಲು ಲಾಕ್ ಮಾಡುವುದಕ್ಕೆ ಮಾತ್ರ. ಸೆಲ್ ಇಲ್ಲದ ಚಿಪ್ ಹೇಗೆ ಮಾತಾಡುತ್ತದೆ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ನಾನು ಅವರ ಗಾಡಿಯ ಮುಂದಿನ ಗಾಜಿನ ಕಡೆ ಬೆರಳು ತೋರಿಸುತ್ತೇನೆ. ಫಾಸ್ಟ್ಯಾಗ್‌ಗೆ ಯಾವತ್ತಾದರೂ ಸೆಲ್ ಹಾಕಿದ್ದೀರಾ? ಹೈದರಾಬಾದ್ ರೋಡಿನ ಟೋಲ್ ಕೆಳಗೆ ಹೋದಾಗ ಮೇಲಿನ ಆಂಟೆನಾ ಕಳಿಸಿದ ಅಲೆಯಿಂದಲೇ ಅದಕ್ಕೆ ಒಂದು ಗುಟುಕು ಕರೆಂಟು ಸಿಗುತ್ತದೆ, ಅಷ್ಟರಲ್ಲೇ ತನ್ನ ನಂಬರ್ ಹೇಳಿ ಮುಗಿಸುತ್ತದೆ. ಚಾವಿಯದೂ ಇದೇ ಕಥೆ. ಚಾವಿ ಹಾಕುವ ತೂತಿನ ಸುತ್ತ, ಪ್ಲಾಸ್ಟಿಕ್ ಕವರಿನ ಒಳಗೆ ಬಳೆಯಂಥ ಒಂದು ಕಾಯಿಲ್ ಇರುತ್ತದೆ. ನೀವು ಚಾವಿ ತಿರುಗಿಸಿದ ಕೂಡಲೇ ಆ ಬಳೆ ಚಿಪ್ಪನ್ನು ಎಬ್ಬಿಸುತ್ತದೆ, 'ಯಾರು ನೀನು' ಎಂದು ಕೇಳುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಈ ಮಾತುಕತೆ 125 ಕಿಲೊಹರ್ಟ್ಸ್‌ನಲ್ಲಿ ನಡೆಯುತ್ತದೆ, ನಾಲ್ಕು ಬೆರಳು ಆಚೆ ಹೋದರೆ ಕೇಳಿಸುವುದಿಲ್ಲ.

ನೀವು ಗಣಿತದವರು, ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ತಿಳಿಯುತ್ತದೆ. ಹಳೆಯ ಚಿಪ್‌ಗಳು ಹಾಜರಿ ಕೂಗಿದಾಗ ರೋಲ್ ನಂಬರ್ ಹೇಳುವ ಹುಡುಗರ ಹಾಗೆ. ಯಾವಾಗಲೂ ಅದೇ ನಂಬರ್. ಪಕ್ಕದವನು ಕೇಳಿಸಿಕೊಂಡರೆ ನಾಳೆ ಅವನೂ ಹೇಳಬಹುದು. ಆಮೇಲೆ ಬಂದ ಚಿಪ್‌ಗಳಿಗೆ ಗಾಡಿ ಪ್ರತಿ ಸಲ ಹೊಸ ಲೆಕ್ಕ ಕೊಡುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆ ಹಿಡಿದು ಲೆಕ್ಕ ಮಾಡಿ ಉತ್ತರ ಹೇಳಬೇಕು. ಗಾಡಿಯೂ ಅದೇ ಲೆಕ್ಕ ಮಾಡಿಕೊಂಡು ಕಾದಿರುತ್ತದೆ. ಎರಡೂ ತಾಳೆಯಾದರೆ ಪೆಟ್ರೋಲ್ ಬಿಡುತ್ತದೆ. ಚಿಪ್ ಕೇಳಿ ಗಾಡಿಯನ್ನು ತಡೆಯುವ ಈ ಏರ್ಪಾಟಿಗೇ ಇಮೊಬಿಲೈಸರ್ ಎನ್ನುವುದು. ಇದನ್ನೂ ಒಡೆದವರಿದ್ದಾರೆ ಎನ್ನುವುದು ಬೇರೆ ಮಾತು. 2005ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 40 ಬಿಟ್ ಉದ್ದದ ಗುಟ್ಟಿನ ಸಂಖ್ಯೆ ಇದ್ದ ಒಂದು ಚಿಪ್ಪಿನ ಗುಟ್ಟು ಬಿಡಿಸಿ ತೋರಿಸಿದರು. ನಮ್ಮ ಗಂಜ್ ಕಡೆಯ ಗಾಡಿ ಕಳ್ಳ ಅಷ್ಟು ಓದಿಲ್ಲ, ಹೆದರಬೇಡಿ.

ನಿಮ್ಮ ಖಾಲಿ ಚಾವಿ ತಿರುಗಿದಾಗ ಬಳೆ ಕೇಳಿತು, ಆ ಕಡೆಯಿಂದ ಉತ್ತರವೇ ಇಲ್ಲ. ಕೆಲವು ಗಾಡಿಗಳು ಆಗ ಸೆಲ್ಫೇ ಹೊಡೆಯುವುದಿಲ್ಲ. ಕೆಲವು ಸೆಲ್ಫ್ ಹೊಡೆಯುತ್ತವೆ, ಎಂಜಿನ್ ಹಿಡಿಯುವುದಿಲ್ಲ. ನಿಮ್ಮದು ಮೂರನೇ ಜಾತಿ: ವಿಚಾರಣೆ ಮುಗಿಯುವವರೆಗೆ ಎಂಜಿನ್ನನ್ನು ಓಡಲು ಬಿಟ್ಟು, ಉತ್ತರ ಬರದಿದ್ದಾಗ ಪೆಟ್ರೋಲ್ ನಿಲ್ಲಿಸುತ್ತದೆ. ಈ ಜಾತಿಯೇ ಜನರಿಗೆ ಹೆಚ್ಚು ಗೊಂದಲ ತರುವುದು. ಸ್ಟಾರ್ಟ್ ಆಯಿತಲ್ಲ, ಹಾಗಾದರೆ ಚಾವಿ ಸರಿ ಇದೆ, ಪೆಟ್ರೋಲ್ ಪಂಪ್ ಹೋಗಿರಬೇಕು ಎಂದು ಹೊಸ ಪಂಪ್ ಹಾಕಿಸಿ ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಖಾಲಿ ಚಾವಿಯನ್ನು ತೂತಿಗೆ ಹಾಕಿ. ಅಸಲಿ ಚಾವಿಯ ತಲೆಯನ್ನು ಅದರ ತಲೆಗೆ ಒತ್ತಿ ಹಿಡಿದುಕೊಂಡು, ಬೆನ್ನಿಗೆ ಬೆನ್ನು ಕೊಟ್ಟ ಹಾಗೆ, ತಿರುಗಿಸಿ. ಗಾಡಿ ಸ್ಟಾರ್ಟ್ ಆಗಿ ನಿಲ್ಲದೆ ಓಡಿದರೆ ಕಾಯಿಲೆ ಚಿಪ್ಪಿನದೇ, ಬೇರೇನೂ ಇಲ್ಲ. ಸ್ಕ್ಯಾನರ್ ಹಾಕುವ ಮುಂಚೆ ನಾನೂ ಮೊದಲು ಮಾಡುವುದು ಇದನ್ನೇ. ಖರ್ಚಿಲ್ಲ. ಆದರೆ ನಿಮ್ಮವರಿಗೆ ಹೇಳಿ, ಖಾಲಿ ಚಾವಿಯಿಂದ ಏಳೆಂಟು ಸಲ ಹೊಡೆಯುವುದು ಇನ್ನು ಬೇಡ. ಎಂಜಿನ್ ಸಾಯದಿದ್ದರೂ ಬ್ಯಾಟರಿ ಸಾಯುತ್ತದೆ. ಕೆಲವು ಗಾಡಿಗಳಂತೂ ತಪ್ಪು ಚಾವಿ ಪದೇ ಪದೇ ಕಂಡರೆ ಮುನಿಸಿಕೊಂಡು, ಸ್ವಲ್ಪ ಹೊತ್ತು ಸರಿಯಾದ ಚಾವಿಯನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಇನ್ನು ಎರಡನೇ ಚಾವಿ ಮಾಡಿಸುವುದು. ದಾರಿ ಎರಡು. ಒಂದು, ನಿಮ್ಮ ಅಸಲಿ ಚಿಪ್ಪಿನ ನಕಲು ಮಾಡುವುದು, ಕ್ಲೋನಿಂಗ್ ಎನ್ನುತ್ತಾರೆ. ಗಾಡಿಗೆ ಎರಡು ಚಾವಿ ಇವೆ ಎನ್ನುವುದೇ ಗೊತ್ತಾಗುವುದಿಲ್ಲ, ಎರಡೂ ಒಂದೇ ಎಂದುಕೊಳ್ಳುತ್ತದೆ. ಎಲ್ಲ ಚಿಪ್ಪಿಗೂ ಇದು ಆಗುವುದಿಲ್ಲ. ಎರಡು, ಹೊಸ ಚಿಪ್ಪನ್ನು ಗಾಡಿಗೇ ಪರಿಚಯ ಮಾಡಿಕೊಡುವುದು, ಕೋಡಿಂಗ್. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇದೆಯಲ್ಲ, ಅಲ್ಲಿ ಮಶಿನ್ ಸಿಕ್ಕಿಸಿ, ಬೇಕಾದ ಗಾಡಿಗೆ ಪಿನ್ ಕೋಡ್ (ಅಂಚೆಯದಲ್ಲ, ಆ ಗಾಡಿಯ ಗುಟ್ಟಿನ ನಂಬರ್) ಹೊಡೆದು, ಚಾವಿಗಳನ್ನು ಒಂದೊಂದಾಗಿ ಹಾಕಿ ತೋರಿಸುತ್ತಾರೆ. ಎಷ್ಟೋ ಗಾಡಿಗಳಲ್ಲಿ ಆ ಹೊತ್ತಿಗೆ ಎದುರಿಗೆ ಇಲ್ಲದ ಚಾವಿ ನೆನಪಿನಿಂದ ಅಳಿಸಿಹೋಗುತ್ತದೆ. ಅದಕ್ಕೇ ಇದ್ದ ಚಾವಿಗಳನ್ನೆಲ್ಲ ತನ್ನಿ ಎಂದು ಹೇಳುವುದು.

ನಿಮಗೆ ನನ್ನ ಸಲಹೆ ಕೋಡಿಂಗ್, ಕ್ಲೋನಿಂಗ್ ಬೇಡ. ಕಾರಣ ನಿಮ್ಮ ಪತ್ರದಲ್ಲೇ ಇದೆ: 'ಇನ್ನೊಂದು ಕಳೆದಿದೆ ಎಂದರು'. ಕಳೆದದ್ದು ಎಲ್ಲಿ ಕಳೆಯಿತು, ಯಾರ ಡ್ರಾಯರಿನಲ್ಲಿ ಕೂತಿದೆ, ಬಲ್ಲವರು ಯಾರು? ಕೋಡಿಂಗ್ ಮಾಡಿಸಿ, ಹಳೆಯ ಆ ಚಾವಿ ಅಳಿಯಿತೇ ಎಂದು ಮಶಿನಿನಲ್ಲಿ ಎಣಿಸಿ ನೋಡಿಸಿ. ಗಾಡಿ ನೆನಪಿಟ್ಟ ಚಾವಿಗಳು ಎಷ್ಟು ಎನ್ನುವುದನ್ನು ಹೆಚ್ಚಿನ ಮಶಿನ್‌ಗಳು ತೋರಿಸುತ್ತವೆ. ಎರಡು ಎಂದು ಬರಬೇಕು, ಮೂರು ಬಂದರೆ ಕೆಲಸ ಮುಗಿದಿಲ್ಲ. ಅಳಿಸಿದ ಮೇಲೂ ಆ ಚಾವಿ ನಿಮ್ಮ ಬಾಗಿಲನ್ನು ತೆರೆಯುತ್ತದೆ ಎನ್ನುವುದು ನೆನಪಿರಲಿ. ಲೋಹಕ್ಕೆ ನೆನಪು ಅಳಿಸಲು ಬರುವುದಿಲ್ಲ. ಗಾಡಿಯಲ್ಲಿ ಬಂಗಾರ, ಲ್ಯಾಪ್‌ಟಾಪ್ ಬಿಡಬೇಡಿ.

ಇನ್ನೊಂದು ಮಾತು ಸೆಕೆಂಡ್ ಹ್ಯಾಂಡ್ ಕೊಳ್ಳುವ ಎಲ್ಲರಿಗೂ. ಗಾಡಿ ಕಳುವಾಗಿ ಇನ್ಶೂರೆನ್ಸ್‌ಗೆ ಅರ್ಜಿ ಹಾಕಿದರೆ ಕಂಪನಿಯವರು ಕೇಳುವ ಮೊದಲ ವಸ್ತುಗಳಲ್ಲಿ ಎರಡೂ ಅಸಲಿ ಚಾವಿ ಇರುತ್ತವೆ. ಒಂದೇ ಇದೆ ಎಂದರೆ ಹತ್ತು ಪ್ರಶ್ನೆ ಬರುತ್ತವೆ. ಖರೀದಿಯ ಕಾಗದದಲ್ಲಿ 'ಒಂದೇ ಚಾವಿ ಕೊಟ್ಟಿದ್ದೇನೆ, ಇನ್ನೊಂದು ಕಳೆದಿದೆ' ಎಂದು ಮಾರಿದವನ ಕೈಯಲ್ಲಿ ಬರೆಸಿಕೊಳ್ಳಿ. ನೀವು ಈಗಲೂ ಫೋನ್ ಮಾಡಿ ಬರೆಸಿಕೊಳ್ಳಬಹುದು. ನಾಚಿಕೆ ಬೇಡ.

ಖಾಲಿ ಚಾವಿ ಎಸೆಯಬೇಡಿ ಎಂದೆನಲ್ಲ, ಏಕೆಂದು ಹೇಳುತ್ತೇನೆ. ಹೋದ ವರ್ಷ ಒಂದು ಹುಣ್ಣಿಮೆಗೆ ಮನೆಯವರ ಜೊತೆ ಗಾಣಗಾಪುರಕ್ಕೆ ಹೋಗಿದ್ದೆ. ಭೀಮಾ, ಅಮರ್ಜಾ ಕೂಡುವ ಸಂಗಮದಲ್ಲಿ ಸ್ನಾನಕ್ಕೆ ಇಳಿದವನು ಪಂಚೆಯ ಗಂಟಿನಲ್ಲಿ ಚಾವಿ ಸಿಕ್ಕಿಸಿಕೊಂಡಿದ್ದೆ. ಮೂರು ಮುಳುಗು ಹಾಕಿ ಎದ್ದಾಗ ಗಂಟು ಇತ್ತು, ಚಾವಿ ಇರಲಿಲ್ಲ. ಇಬ್ಬರು ಹುಡುಗರು ಅರ್ಧ ತಾಸು ಕಾಲಿನಿಂದ ಮರಳು ತಡಕಿದರು, ಒಂದು ಚಪ್ಪಲಿ ಸಿಕ್ಕಿತು. ಊರಿಗೆಲ್ಲ ಎರಡನೇ ಚಾವಿ ಮಾಡಿಸಿಕೊಳ್ಳಿ ಎಂದು ಉಪದೇಶ ಮಾಡುವ ನನ್ನ ಗಾಡಿಗೆ ಚಿಪ್ ಇದ್ದ ಚಾವಿ ಅದೊಂದೇ. ಮನೆಯವರ ಪರ್ಸಿನಲ್ಲಿ ಮಾತ್ರ ಕೆಂಪು ದಾರ ಕಟ್ಟಿದ ಖಾಲಿ ಚಾವಿ ಇತ್ತು. ಅದರಿಂದ ಬಾಗಿಲು ತೆರೆದೆವು. ಒಳಗಿದ್ದ ಒಣಬಟ್ಟೆ, ಫೋನ್, ರೊಟ್ಟಿ ಬುತ್ತಿ, ಶೇಂಗಾ ಹಿಂಡಿ ಎಲ್ಲ ಹೊರಗೆ ಬಂದವು. ಫ್ಯಾನ್ ಹಾಕಿಕೊಂಡು ಕೂತು ಉಂಡೆವು. ಗಾಡಿ ಮಾತ್ರ ಅಲ್ಲಾಡಲಿಲ್ಲ. ಟೋಯಿಂಗ್‌ನವನು ಬಂದಾಗ ಮೊದಲು ಕೇಳಿದ್ದೇ, 'ಸ್ಟೀರಿಂಗ್ ಲಾಕ್ ಬಿಡ್ತದೇನ್ರೀ?' ಎಂದು. ಬಿಡುತ್ತದೆ ಎಂದೆ. ಅವನ ಮುಖದಲ್ಲಿ ನಗು ಕಂಡಿತು. ಲಾಕ್ ಆದ ಚಕ್ರವನ್ನು ಎಳೆದು ಮೇಲೆ ಹಾಕುವುದು ಅವನಿಗೂ ಗಾಡಿಗೂ ಶಿಕ್ಷೆ.

ಅಂಗಡಿ ಮುಂದೆ ಗಾಡಿ ಇಳಿಸಿದಾಗ ನನ್ನ ಅಕ್ಕನ ಮಗ, ನಮ್ಮಲ್ಲಿ ಮಶಿನ್ ಕೆಲಸ ನೋಡುವವನು, ಲ್ಯಾಪ್‌ಟಾಪ್ ತೆರೆಯದೆ ಕೈ ಕಟ್ಟಿ ನಿಂತ. 'ಮಾವಾ, ಆರ್‌ಸಿ ತೋರಸ್ರಿ ಮೊದಲ. ಅಂಗಡಿ ರೂಲ್ ಅದ.' ರೂಲ್ ಮಾಡಿದವನು ನಾನೇ. ಮನೆಗೆ ಹೋಗಿ ಆರ್‌ಸಿ ತಂದು ತೋರಿಸಿದೆ.

ಹಾಗಾಗಿ ಅಕ್ಕೋರೆ, ಖಾಲಿ ಚಾವಿಗೂ ಒಂದು ಕೆಂಪು ದಾರ ಕಟ್ಟಿ ಪರ್ಸಿನಲ್ಲಿಡಿ. ಅಸಲಿ ಚಾವಿ ಗಾಡಿಯೊಳಗೇ ಬಿಟ್ಟು ಬಾಗಿಲು ಹಾಕಿಕೊಂಡ ದಿನ ಅದು ಬೇಕಾಗುತ್ತದೆ. ರಿಮೋಟಿನಿಂದ ಲಾಕ್ ಆದ ಗಾಡಿಯನ್ನು ಲೋಹದ ಚಾವಿಯಿಂದ ತೆರೆದರೆ ಕೆಲವು ಗಾಡಿಗಳ ಅಲಾರಂ ಕೂಗಿಕೊಳ್ಳುತ್ತದೆ. ಗಾಬರಿಯಾಗದೆ ಒಳಗಿನ ಅಸಲಿ ಚಾವಿ ಹಾಕಿ ತಿರುಗಿಸಿ, ಸುಮ್ಮನಾಗುತ್ತದೆ.

ಪ್ರಶ್ನೆ: ಬೀದರಿನಿಂದ. ನನ್ನದು ಮೂರು ಗಾಡಿಯ ಟ್ರಾವೆಲ್ಸ್. ಡ್ರೈವರುಗಳು ಚಾವಿ ಕಳೆಯುವುದು, ನಾನು ದುಡ್ಡು ಹಾಕುವುದು, ಇದೇ ಆಗಿದೆ. ಒಬ್ಬ ಮೆಕ್ಯಾನಿಕ್ ಹೇಳುತ್ತಾನೆ, ಅಸಲಿ ಚಿಪ್ಪನ್ನು ಬಿಚ್ಚಿ ಸ್ಟೀರಿಂಗ್ ಕವರಿನೊಳಗೆ ಆ ಕಾಯಿಲ್ಲಿಗೇ ಟೇಪ್ ಸುತ್ತಿಬಿಟ್ಟರೆ ಆಮೇಲೆ ನೂರು ರೂಪಾಯಿಯ ಖಾಲಿ ಚಾವಿ ಸಾಕು ಅಂತ. ಮಾಡಿಸಲೇ?

ಉತ್ತರ: ಸಾಹೇಬ್ರೆ, ಆಗುತ್ತದೆ. ಅದಕ್ಕೇ ಮಾಡಿಸಬೇಡಿ.

ಚಿಪ್ ಯಾವಾಗಲೂ ಬಳೆಯ ಪಕ್ಕದಲ್ಲೇ ಇದ್ದರೆ ಗಾಡಿ ಕೇಳಿದಾಗಲೆಲ್ಲ 'ನಾನೇ, ನಾನೇ' ಎನ್ನುತ್ತಿರುತ್ತದೆ. ತೂತಿನಲ್ಲಿ ತಿರುಗಿದ್ದು ನಿಮ್ಮ ಡ್ರೈವರಿನ ಚಾವಿಯೋ ಕಳ್ಳನ ಸ್ಕ್ರೂ ಡ್ರೈವರೋ ಅದಕ್ಕೆ ಬೇಕಿಲ್ಲ. ನೀವು ಗಾಡಿಯನ್ನು 30 ವರ್ಷ ಹಿಂದಕ್ಕೆ ಕಳಿಸಿದ ಹಾಗಾಯಿತು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯ ಮಾಡಿದ್ದು ಕಳ್ಳತನ ತಾಳಲಾರದೆ. ಕೆನಡಾ 2007ರಲ್ಲಿ ಮಾಡಿತು. ಅಮೆರಿಕ ಕಡ್ಡಾಯ ಮಾಡಲಿಲ್ಲ. ಅಲ್ಲಿ 2011ರಿಂದ 2021ರವರೆಗೆ ಮಾರಿದ ಹ್ಯುಂಡೈ, ಕಿಯಾ ಗಾಡಿಗಳಲ್ಲಿ ಚಾವಿ ತಿರುಗಿಸಿ ಸ್ಟಾರ್ಟ್ ಮಾಡುವ ಎಷ್ಟೋ ಮಾಡೆಲ್‌ಗಳಿಗೆ ಇಮೊಬಿಲೈಸರ್ ಇರಲಿಲ್ಲ. ಏನಾಯಿತು? ಮೀಸೆ ಮೂಡದ ಹುಡುಗರು ಸ್ಟೀರಿಂಗ್ ಕವರ್ ಕಿತ್ತು, ಲಾಕ್ ಮುರಿದು, ಫೋನ್ ಚಾರ್ಜರಿನ ಯುಎಸ್‌ಬಿ ತುದಿಯಿಂದ ತಿರುಗಿಸಿ ಓಡಿಸಿದರು, ಅದನ್ನು ವಿಡಿಯೊ ಮಾಡಿ ಒಬ್ಬರಿಗೊಬ್ಬರು ಕಲಿಸಿದರು. ಅದೇ ಕಂಪನಿಗಳ ಇಮೊಬಿಲೈಸರ್ ಇದ್ದ ಗಾಡಿಗಳಿಗೆ ಆ ತುದಿ ನಡೆಯಲಿಲ್ಲ. ನಿಮ್ಮ ಮೆಕ್ಯಾನಿಕ್ ಟೇಪ್ ಸುತ್ತಿದ ದಿನದಿಂದ ನಿಮ್ಮ ಮೂರು ಗಾಡಿಗಳೂ ಮೊದಲನೇ ಪಂಗಡಕ್ಕೆ ಸೇರುತ್ತವೆ. ಬೀದರಿನಿಂದ ಹತ್ತಿಪ್ಪತ್ತು ಕಿಲೊಮೀಟರ್ ಹೋದರೆ ತೆಲಂಗಾಣ, ಆ ಕಡೆ ತುಸು ಹೋದರೆ ಮಹಾರಾಷ್ಟ್ರ. ಹೋದ ಗಾಡಿ ಬೆಳಗಾಗುವುದರೊಳಗೆ ಮೂರನೇ ರಾಜ್ಯದಲ್ಲಿರುತ್ತದೆ. ಇನ್ಶೂರೆನ್ಸ್‌ನವರು ಎರಡೂ ಚಾವಿ ತೆಗೆದುಕೊಂಡು ನೋಡಿದಾಗ ಒಂದರಲ್ಲಿ ಚಿಪ್ ಜಾಗ ಖಾಲಿ ಇದ್ದರೆ ನೀವು ಏನು ಹೇಳುತ್ತೀರಿ?

ನಿಮ್ಮ ಕಷ್ಟ ನಿಜ, ಅದಕ್ಕೆ ಬೇರೆ ಮದ್ದು ಇದೆ. ಒಂದು ಗಾಡಿಗೆ ಎರಡಕ್ಕಿಂತ ಹೆಚ್ಚು ಚಾವಿ ಕೋಡ್ ಮಾಡಿಸಬಹುದು, ನಾಲ್ಕರವರೆಗೆ ಒಪ್ಪುವ ಗಾಡಿಗಳು ಬೇಕಾದಷ್ಟಿವೆ. ರಿಮೋಟ್ ಇಲ್ಲದ ಸಾದಾ ಚಿಪ್ ಚಾವಿ ಮಾಡಿಸಿ, ರಿಮೋಟ್ ಚಾವಿಗಿಂತ ಎಷ್ಟೋ ಸೋವಿ. ಅದನ್ನು ಡ್ರೈವರಿಗೆ ಕೊಡಿ, ರಿಮೋಟಿನವು ನಿಮ್ಮ ಕಪಾಟಿನಲ್ಲಿರಲಿ. ಡ್ರೈವರ್ ಬಿಟ್ಟುಹೋದ ದಿನ, ಚಾವಿ ಕಳೆದ ದಿನ, ಉಳಿದ ಚಾವಿಗಳನ್ನು ಒಯ್ದು ಮತ್ತೆ ಕೋಡ್ ಮಾಡಿಸಿದರೆ ಹೋದದ್ದು ಸತ್ತುಹೋಗುತ್ತದೆ. ಟೇಪ್ ಸುತ್ತಿದ ಗಾಡಿಯಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಕೈಬಿಟ್ಟ ಪ್ರತಿ ಖಾಲಿ ಚಾವಿಯೂ ಗಾಡಿ ಇರುವವರೆಗೆ ಬದುಕಿರುತ್ತದೆ. ಮೂರೂ ಗಾಡಿಯ ಚಾವಿ ಒಂದೇ ಗೊಂಚಲಿಗೆ ಹಾಕುವುದನ್ನೂ ಬಿಡಿ. ಎರಡು ಚಿಪ್ ಬಳೆಯ ಹತ್ತಿರ ಒಟ್ಟಿಗೆ ಬಂದರೆ ಇಬ್ಬರೂ ಒಮ್ಮೆಲೇ ಮಾತಾಡಿ, ಗಾಡಿಗೆ ಯಾರ ಮಾತೂ ತಿಳಿಯದೆ ಸ್ಟಾರ್ಟ್ ಆಗದೇ ಇರಬಹುದು.

ಪ್ರಶ್ನೆ: ಯಾದಗಿರಿಯಿಂದ ಒಬ್ಬ ಕಾಲೇಜು ಹುಡುಗ. ಅಪ್ಪನ ಕಾರಿನ ಚಾವಿಯ ಬಟನ್ ಹರಿದು ಹೋಗಿತ್ತು. ಆನ್‌ಲೈನಿನಲ್ಲಿ ಹೊಸ ಶೆಲ್ (ಚಾವಿಯ ಪ್ಲಾಸ್ಟಿಕ್ ಕವಚ) ತರಿಸಿ ನಾನೇ ಬದಲಿಸಿದೆ. ಲಾಕ್, ಅನ್‌ಲಾಕ್ ಎಲ್ಲ ಚೆನ್ನಾಗಿ ಆಗುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ: ತಮ್ಮಾ, ಹಳೆಯ ಶೆಲ್ ಎಲ್ಲಿದೆ? ಕಸದ ಬುಟ್ಟಿಯಲ್ಲಿದ್ದರೆ ಇದನ್ನು ಓದುವುದನ್ನು ಬಿಟ್ಟು ಮೊದಲು ಅಲ್ಲಿಗೆ ಓಡು.

ನೀನು ಹಸಿರು ಬೋರ್ಡು, ಸೆಲ್, ಎರಡನ್ನು ಹೊಸ ಶೆಲ್ಲಿಗೆ ದಾಟಿಸಿದೆ. ಮೂರನೆಯದನ್ನು ಬಿಟ್ಟೆ. ಕೆಲವು ಚಾವಿಗಳಲ್ಲಿ ಚಿಪ್ ಬೋರ್ಡಿನ ಮೇಲೆಯೇ ಬೆಸುಗೆಯಾಗಿರುತ್ತದೆ, ಅಂಥದ್ದಾದರೆ ನಿನಗೆ ಈ ಕಷ್ಟ ಬರುತ್ತಿರಲಿಲ್ಲ. ನಿನ್ನದರಲ್ಲಿ ಅದು ಬೇರೆಯೇ ಕೂತಿರುತ್ತದೆ, ಶೆಲ್ಲಿನ ಒಂದು ಮೂಲೆಯ ಸಣ್ಣ ಗೂಡಿನಲ್ಲಿ. ಕಪ್ಪು ಶೆಲ್ಲಿನೊಳಗೆ ಕಪ್ಪು ಚಿಪ್, ಪ್ಲಾಸ್ಟಿಕ್ಕಿನದೇ ಒಂದು ಉಬ್ಬು ಎಂದುಕೊಳ್ಳುತ್ತಾರೆ. ಬೆಳಕಿಗೆ ಹಿಡಿದು, ಸೂಜಿಯ ತುದಿಯಿಂದ ಮೆಲ್ಲಗೆ ಮೀಟಿದರೆ ಹೊರಗೆ ಬರುತ್ತದೆ. ಸ್ಕ್ರೂ ಡ್ರೈವರ್ ಹಾಕಿ ಒತ್ತಬೇಡ. ಗಾಜಿನದಾಗಿದ್ದರೆ ಚಿಟ್ ಎಂದು ಒಡೆದುಹೋಗುತ್ತದೆ, ಒಡೆದದ್ದನ್ನು ಕೂಡಿಸಲು ಯಾರಿಂದಲೂ ಆಗುವುದಿಲ್ಲ. ಹೊಸ ಶೆಲ್ಲಿನಲ್ಲೂ ಅದೇ ಗೂಡು ಇರುತ್ತದೆ. ಸಡಿಲವಾದರೆ ಒಂದು ತೊಟ್ಟು ಗಮ್ ಸಾಕು.

ನಮ್ಮ ಅಂಗಡಿಯಲ್ಲೂ ಹೀಗಾಗಿದೆ. ಹೊಸದಾಗಿ ಸೇರಿದ ಹುಡುಗ ಸಂಜೆ ಶೆಲ್ ಬದಲಿಸಿ ಹಳೆಯದನ್ನು ಬೀಸಾಡಿದ. ಗಿರಾಕಿ ಜಗತ್ ಸರ್ಕಲ್‌ವರೆಗೆ ಹೋಗುವುದಿರಲಿ, ಅಂಗಡಿ ಮುಂದಿನಿಂದಲೇ ಹೊರಡಲಿಲ್ಲ. ಅಷ್ಟರಲ್ಲಿ ಪಾಲಿಕೆಯ ಕಸದ ಗಾಡಿ ಓಣಿಯ ತುದಿ ತಲುಪಿತ್ತು. ಅದರ ಹಿಂದೆ ಓಡಿ, ನಿಲ್ಲಿಸಿ, ನಾನು ಮತ್ತು ಆ ಹುಡುಗ ಮೊಬೈಲ್ ಬೆಳಕಿನಲ್ಲಿ ಚಹಾ ಪುಡಿ, ಬಾಳೆ ಸಿಪ್ಪೆಯ ನಡುವೆ ಹುಡುಕಿದ್ದನ್ನು ಓಣಿಯವರು ಈಗಲೂ ಆಡಿಕೊಳ್ಳುತ್ತಾರೆ. ಸಿಕ್ಕಿತು. ಅಂದಿನಿಂದ ಹಳೆಯ ಶೆಲ್ಲನ್ನು ಗಿರಾಕಿಯ ಕೈಗೇ ಕೊಟ್ಟು, ಗಾಡಿ ಸ್ಟಾರ್ಟ್ ಮಾಡಿಸಿ, ಆಮೇಲೆ ದುಡ್ಡು ತೆಗೆದುಕೊಳ್ಳುತ್ತೇವೆ.

ನಿನ್ನದು ಸಿಗದಿದ್ದರೆ ಅಪ್ಪನ ಎರಡನೇ ಚಾವಿ ಇದೆಯೇ ನೋಡು. ಇದ್ದರೆ ಸಣ್ಣ ಕೆಲಸ, ಹೊಸ ಚಿಪ್ ಹಾಕಿ ಕೋಡ್ ಮಾಡಬಹುದು. ಯಾವುದಕ್ಕೂ ಅಪ್ಪನಿಗೆ ಈಗಲೇ ಹೇಳು. ಅವರು ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ತಿಳಿಯುವುದಕ್ಕಿಂತ ರಾತ್ರಿ ಊಟವಾದ ಮೇಲೆ ತಿಳಿಯುವುದು ನಿನಗೇ ಒಳ್ಳೆಯದು.

ಪ್ರಶ್ನೆ: ಆಳಂದದಿಂದ. ಎರಡೂ ಚಾವಿ ಹೋದವು, ಒಂದೇ ಬ್ಯಾಗಿನಲ್ಲಿ ಇಟ್ಟಿದ್ದೆ, ಬ್ಯಾಗ್ ಬಸ್ಸಿನಲ್ಲಿ ಉಳಿಯಿತು. ಗಾಡಿಯೊಳಗಿನ ಕಂಪ್ಯೂಟರನ್ನೇ ಬದಲಿಸಬೇಕು ಎಂದು ಒಂದು ಕಡೆ ಹೇಳಿದರು. ಬೇರೆ ದಾರಿ ಇಲ್ಲವೇ?

ಉತ್ತರ: ಇದಕ್ಕೆ ನಮ್ಮ ಕಸುಬಿನಲ್ಲಿ 'ಆಲ್ ಕೀ ಲಾಸ್ಟ್' ಎನ್ನುತ್ತಾರೆ. ಕೆಲಸ ದೊಡ್ಡದೇ, ಆದರೆ ಕಂಪ್ಯೂಟರ್ ಬದಲಿಸುವುದು ಕೊನೆಯ ದಾರಿ, ಮೊದಲನೆಯದಲ್ಲ. ಬೇರೆ ಕಡೆಯೂ ಕೇಳಿ ನೋಡಿ. ಬಹಳಷ್ಟು ಗಾಡಿಗಳಿಗೆ ಚಾಸಿ ನಂಬರಿನ ಮೇಲೆ ಪಿನ್ ಕೋಡ್ ತೆಗೆದು ಹೊಸ ಚಾವಿ ಕೋಡ್ ಮಾಡಬಹುದು. ಕೆಲವಕ್ಕೆ ಇಮೊಬಿಲೈಸರ್ ಡಬ್ಬಿ ಬಿಚ್ಚಿ, ಒಳಗಿನ ನೆನಪಿನ ಐಸಿಯನ್ನು ಓದಿ, ಅದರಲ್ಲಿ ಬರೆಯಬೇಕಾಗುತ್ತದೆ. ಅದು ಕೈ ನಡುಗದವರ ಕೆಲಸ, ಮಾಡಿ ಅನುಭವ ಇದ್ದವರ ಹತ್ತಿರವೇ ಹೋಗಿ.

ಗಾಡಿ ಹೊಸದಾಗಿ ಬಂದಾಗ ಚಾವಿಯ ಜೊತೆ ಒಂದು ಸಣ್ಣ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಬಿಲ್ಲೆ ಕೊಟ್ಟಿರುತ್ತಾರೆ, ಮೇಲೆ ನಂಬರ್ ಇರುತ್ತದೆ. ಆ ನಂಬರಿನಿಂದ ಲೋಹದ ಚಾವಿಯನ್ನು ಲಾಕ್ ಬಿಚ್ಚದೆ ಕತ್ತರಿಸಬಹುದು. ಹಳೆಯ ಫಿಯಾಟ್ ಗಾಡಿಯವರಿಗೆ ಕೋಡ್ ಕಾರ್ಡ್ ಕೊಡುತ್ತಿದ್ದರು. ಮನೆಯ ಟ್ರಂಕಿನಲ್ಲಿ ಹುಡುಕಿ, ಹೆಚ್ಚಿನವರು ಅದನ್ನು ಗಾಡಿಯ ಕಾಗದಗಳ ಜೊತೆ ಕಟ್ಟಿಟ್ಟು ಮರೆತಿರುತ್ತಾರೆ. ಪೊಲೀಸರಿಗೆ ಚಾವಿ ಕಳೆದ ಬಗ್ಗೆ ದೂರು ಕೊಟ್ಟು ರಸೀದಿ ಇಟ್ಟುಕೊಳ್ಳಿ. ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಕೂತಲ್ಲೇ ಹಾಕಬಹುದು. ಪಾಲಿಸಿಯಲ್ಲಿ ಚಾವಿ ಬದಲಿಸುವ ಆ್ಯಡ್ ಆನ್ ಕೊಂಡಿದ್ದೀರಾ ನೋಡಿ, ಕೊಂಡಿದ್ದೇ ನೆನಪಿಲ್ಲದವರು ಬಹಳ. ಆರ್‌ಸಿ, ಆಧಾರ್ ಜೊತೆಗಿರಲಿ. ಕಾಗದ ಕೇಳದೆ ಎಲ್ಲ ಚಾವಿ ಕಳೆದ ಗಾಡಿಗೆ ಹೊಸ ಚಾವಿ ಮಾಡಿಕೊಡುವವನು ನಾಳೆ ನಿಮ್ಮ ಗಾಡಿಗೂ ಬೇರೆಯವರಿಗೆ ಮಾಡಿಕೊಡುತ್ತಾನೆ, ಅಂಥವನ ಅಂಗಡಿ ಮೆಟ್ಟಿಲು ಹತ್ತಬೇಡಿ. ಬ್ಯಾಗಿನಲ್ಲಿ ನಿಮ್ಮ ವಿಳಾಸ ಇದ್ದ ಯಾವುದಾದರೂ ಚೀಟಿ ಇತ್ತೇ? ಇದ್ದರೆ ಹಳೆಯ ಚಿಪ್‌ಗಳನ್ನು ಅಳಿಸುವುದರ ಜೊತೆಗೆ ಬಾಗಿಲ ಲಾಕ್ ಸೆಟ್ಟನ್ನೂ ಬದಲಿಸಿ.

ಪ್ರಶ್ನೆ: ಚಿಂಚೋಳಿಯಿಂದ ಹಿರಿಯರೊಬ್ಬರು. ನಮ್ಮ ಕಾಲದಲ್ಲಿ ಜೀಪ್ ಚಾವಿ ಇಲ್ಲದಿದ್ದರೆ ವೈರ್ ಕೂಡಿಸಿ, ನಾಲ್ಕು ಜನ ತಳ್ಳಿ ಚಾಲೂ ಮಾಡುತ್ತಿದ್ದೆವು. ಈಗಿನ ಗಾಡಿಗೆ ತಳ್ಳಿದರೆ ಇಮೊಬಿಲೈಸರ್ ಬಿಡುವುದಿಲ್ಲವೇ?

ಉತ್ತರ: ಬಿಡುವುದಿಲ್ಲ ಅಜ್ಜಾರ. ತಳ್ಳುವುದು ಸೆಲ್ಫ್ ಮೋಟಾರಿನ ಕೆಲಸಕ್ಕೆ ಬದಲಿ, ಅಷ್ಟೇ. ಎಂಜಿನ್ ತಿರುಗಬಹುದು, ಆದರೆ ಇಂಧನ ಚಿಮ್ಮಿಸುವ ಇಂಜೆಕ್ಟರಿಗೆ ಅಪ್ಪಣೆ ಕೊಡಬೇಕಾದ ಕಂಪ್ಯೂಟರ್ ಬಾಯಿ ಮುಚ್ಚಿಕೊಂಡಿರುತ್ತದೆ. ತಳ್ಳಿದವರಿಗೆ ಚಹಾ ಕುಡಿಸಿದ ಖರ್ಚು ನಿಮ್ಮ ಮೈಮೇಲೆ. ನಾನು 1989ರಲ್ಲಿ ಈ ಕಸುಬಿಗೆ ಬಂದಾಗ ಅಂಬಾಸಿಡರಿನ ಡೈನಮೊ ಕಟ್ಟುತ್ತಿದ್ದೆ, ನಾನೂ ಬಹಳ ತಳ್ಳಿದ್ದೇನೆ.

ಪ್ರಶ್ನೆ: ಕಲಬುರಗಿಯ ಗೃಹಿಣಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರು ನಮ್ಮದು. ಚಾವಿ ಯಜಮಾನರ ಪ್ಯಾಂಟಿನ ಜೇಬಿನಲ್ಲಿ ಉಳಿದು ವಾಷಿಂಗ್ ಮಶಿನ್ನಿನಲ್ಲಿ ಒಗೆದು ಹೋಯಿತು. ಈಗ 'ಚಾವಿ ಕಾಣುತ್ತಿಲ್ಲ' ಎಂದು ಬರುತ್ತದೆ. ಒಗೆದ ಚಾವಿ ಪೂರ್ತಿ ಹೋಯಿತೇ?

ಉತ್ತರ: ಪೂರ್ತಿ ಹೋಗಿರಲಿಕ್ಕಿಲ್ಲ ಅಕ್ಕಾ. ಸೆಲ್ ತೆಗೆದುಬಿಡಿ. ಶೆಲ್ ಬಿಚ್ಚಿ ಎರಡು ದಿನ ನೆರಳಲ್ಲಿ, ಫ್ಯಾನಿನ ಕೆಳಗೆ ಒಣಗಿಸಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಬಾಗುತ್ತದೆ. ಆಮೇಲೆ ಹೊಸ ಸೆಲ್ ಹಾಕಿ, ಹಳೆಯದರ ಮೇಲೆ ಬರೆದ ನಂಬರಿನದೇ ಇರಲಿ, ಹೆಚ್ಚಾಗಿ ಸಿಆರ್ 2032 ಇರುತ್ತದೆ. ಅಲ್ಲಿಯವರೆಗೆ ಗಾಡಿ ಬೇಕಾದರೆ, ಒಳಗೆ ಅಡಗಿಸಿದ ಲೋಹದ ಚಾವಿ ಹೊರಗೆಳೆದು ಬಾಗಿಲು ತೆರೆಯಿರಿ. ಚಾವಿಯ ಡಬ್ಬಿಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು, ಕ್ಲಚ್ ಅಥವಾ ಬ್ರೇಕ್ ಒತ್ತಿ ಬಟನ್ ಒತ್ತಿ. ಬಟನ್ನಿನ ಬದಲು ಬೇರೆ ಜಾಗ ಕೊಟ್ಟಿರುವ ಗಾಡಿಗಳೂ ಇವೆ, ಗಾಡಿಯ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಸೆಲ್ ಬೇಡದ ಆ ಚಿಪ್ ಇದರಲ್ಲೂ ಇದೆ, ಮತ್ತು ಅದಕ್ಕೆ ನೀರಿನ ಹೆದರಿಕೆ ಕಡಿಮೆ. ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಯಜಮಾನರ ಎರಡನೇ ಚಾವಿ ಹುಡುಕಿ, ಅದೂ ಯಾವುದೋ ಪ್ಯಾಂಟಿನಲ್ಲೇ ಇರುತ್ತದೆ.